ರಕ್ತದಾನಕ್ಕೆ ಬಸ್ಸಿಗಿಂತ ಮೊದಲು ಬಾಕ್ಸ್ ಬೇಕು

ನೀಲಿ ನೀರು ತುಂಬಿದ ಒಂದು ಪುಟ್ಟ ಬಾಟಲಿ. ಬೆರಳ ತುದಿ ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನು ಅದರೊಳಗೆ ಬಿಡುತ್ತಾರೆ. ಹನಿ ಸೀದಾ ತಳಕ್ಕಿಳಿದರೆ ಪಾಸ್, ಮಧ್ಯದಲ್ಲೇ ಓಲಾಡಿ ಮೇಲೆದ್ದು ಬಂದರೆ ಫೇಲ್. ಆ ನೀಲಿ ನೀರು ಬೇರೇನಲ್ಲ, ಮೈಲುತುತ್ತ ಕರಗಿಸಿದ ನೀರು. ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಸುಣ್ಣದ ಜೊತೆ ಬೆರೆಸಿ ಅಡಿಕೆ ಕೊನೆಗೆ ಹೊಡೆಯುತ್ತಾರಲ್ಲ, ಅದೇ ಮೈಲುತುತ್ತ. ರಕ್ತದಾನ ಶಿಬಿರಕ್ಕೆ ಬಂದ ತೋಟದವರು ಬಾಟಲಿ ನೋಡಿದ ಕೂಡಲೇ ನಗುತ್ತಾರೆ, 'ಇದೇನು ಸಾರ್, ನಮಗೂ ಬೋರ್ಡೋ ಹೊಡೀತೀರಾ' ಅಂತ.

ಲೆಕ್ಕ ಸರಳ. ದ್ರಾವಣದ ಸಾಂದ್ರತೆಯನ್ನು 1.053ಕ್ಕೆ ಸರಿಹೊಂದಿಸಿರುತ್ತಾರೆ. ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರುವ ರಕ್ತ ಅದಕ್ಕಿಂತ ಭಾರ, ಹಾಗಾಗಿ 15 ಸೆಕೆಂಡಿನೊಳಗೆ ಮುಳುಗುತ್ತದೆ. ನಮ್ಮ ದೇಶದಲ್ಲಿ ರಕ್ತ ಕೊಡಲು ಬೇಕಾದ ಕನಿಷ್ಠ ಹಿಮೋಗ್ಲೋಬಿನ್ ಕೂಡ ಅದೇ 12.5. ಕರೆಂಟ್ ಬೇಡ, ಮೆಷಿನ್ ಬೇಡ. ಆದರೆ ಒಂದು ಷರತ್ತಿದೆ. 30 ಎಂಎಲ್ ದ್ರಾವಣದಲ್ಲಿ 25 ಜನರ ಪರೀಕ್ಷೆ ಆದ ಮೇಲೆ ಅದನ್ನು ಚೆಲ್ಲಿ ಹೊಸದು ಹಾಕಿಕೊಳ್ಳಬೇಕು. ಬಾಟಲಿಯ ಮುಚ್ಚಳ ತೆಗೆದೇ ಇಟ್ಟರೆ ನೀರು ಆರಿ ಸಾಂದ್ರತೆ ಏರುತ್ತದೆ, ಆಗ ಚೆನ್ನಾಗಿರುವ ರಕ್ತವೂ ತೇಲಲು ಶುರು ಮಾಡುತ್ತದೆ. ಒಂದು ಶಿಬಿರದಲ್ಲಿ ಬೆಳಗ್ಗೆ ತೆರೆದ ಒಂದೇ ಬಾಟಲಿಯಲ್ಲಿ ಮಧ್ಯಾಹ್ನದವರೆಗೂ ಹನಿ ಬಿಡುತ್ತಾ ಇದ್ದದ್ದನ್ನು ನೋಡಿದ್ದೇನೆ. ನೀಲಿ ಹೋಗಿ ಅದು ಕೊಳೆತ ಕೆರೆಯ ಬಣ್ಣಕ್ಕೆ ತಿರುಗಿತ್ತು. ಕೇಳಿದರೆ 'ಬೇರೆ ತಂದಿಲ್ಲ' ಅಂದರು. ಅದೇ ಹಾಲ್‌ನಲ್ಲಿ ಹನ್ನೆರಡು ಅಡಿ ಉದ್ದದ ಫ್ಲೆಕ್ಸ್ ಮಾತ್ರ ಎರಡೆರಡು ಇತ್ತು.

ನಾನು ಕಾಲೇಜಿನಲ್ಲಿ ಪಾಠ ಮಾಡುವವನು. ಜೊತೆಗೆ ಎನ್‌ಎಸ್‌ಎಸ್ ಜವಾಬ್ದಾರಿ ಹೆಗಲಿಗೆ ಬಿದ್ದಿದೆ, ಹಾಗಾಗಿ ವರ್ಷಕ್ಕೆ ಒಂದೆರಡು ರಕ್ತದಾನ ಶಿಬಿರ ಮಾಡಿಸುತ್ತೇನೆ. ಡಾಕ್ಟರ್ ಅಲ್ಲ. ಆದರೆ ಕುರ್ಚಿ ಜೋಡಿಸಿ, ಬಿಸ್ಕತ್ತು ಹಂಚಿ, ಬಾಕ್ಸ್ ಜೀಪಿಗೆ ಏರಿಸಿ ಗೊತ್ತಾಗಿರುವ ಒಂದು ಮಾತಿದೆ. ಊರೂರಿಗೆ ಹೋಗಿ ರಕ್ತ ಸಂಗ್ರಹಿಸುವುದು ಅಂದ ತಕ್ಷಣ ನಮ್ಮ ಜನ, ಸರ್ಕಾರ, ದುಡ್ಡು ಕೊಡುವ ಕಂಪನಿಗಳು, ಎಲ್ಲರೂ ಯೋಚಿಸುವುದು ಬಸ್ಸಿನ ಬಗ್ಗೆ. ಎಸಿ ಬಸ್ಸು, ಒಳಗೆ ಒರಗು ಕುರ್ಚಿ, ಹೊರಗೆ ದೊಡ್ಡ ಲೋಗೋ. ಬಸ್ಸಿಗೆ ಟೇಪ್ ಕತ್ತರಿಸಬಹುದು, ಫೋಟೋ ಚೆನ್ನಾಗಿ ಬರುತ್ತದೆ. ಥರ್ಮಾಮೀಟರ್ ಇರುವ ಒಂದು ಒಳ್ಳೆಯ ಕೋಲ್ಡ್ ಬಾಕ್ಸಿಗೆ ಯಾರು ತಾನೇ ಟೇಪ್ ಕತ್ತರಿಸುತ್ತಾರೆ?

ಬಸ್ಸು ಬೇಡ ಅನ್ನುತ್ತಿಲ್ಲ. ಬೆಂಗಳೂರಿನ ಟೆಕ್ ಪಾರ್ಕ್ ಎದುರು ನಿಲ್ಲಿಸಿದರೆ ಅದು ಬಂಗಾರ. ಜನ ಆಫೀಸಿನಿಂದ ಇಳಿದು ಬಂದು, ಅರ್ಧ ಗಂಟೆಯಲ್ಲಿ ಕೊಟ್ಟು, ವಾಪಸ್ ಹೋಗಿ ಮೀಟಿಂಗಿಗೆ ಕೂರುತ್ತಾರೆ. ಆದರೆ ಹಳ್ಳಿ ಕಡೆಗೆ ಲೆಕ್ಕ ಬೇರೆ. ಬಸ್ಸಿನಲ್ಲಿ ಮೂರೋ ನಾಲ್ಕೋ ಹಾಸಿಗೆ ಇರುತ್ತದೆ ಅಂತಿಟ್ಟುಕೊಳ್ಳಿ. ಒಬ್ಬರು ಮಲಗಿ, ನರ ಹುಡುಕಿ, ರಕ್ತ ತುಂಬಿ, ಎದ್ದು ಜಾಗ ಬಿಡುವುದಕ್ಕೆ ಹೆಚ್ಚುಕಡಿಮೆ 20 ನಿಮಿಷ. ಮೂರು ಹಾಸಿಗೆಯಲ್ಲಿ ಗಂಟೆಗೆ ಒಂಬತ್ತು ಜನ, ಮೂರು ಗಂಟೆಗೆ 27. ಅದೇ ಶಾಲೆಯ ಹಾಲ್‌ನಲ್ಲಿ ಎಂಟು ಮಂಚ ಹಾಕಿದರೆ ಮೂರು ಗಂಟೆಗೆ 72. ಇದು ನನ್ನ ಬಾಯಿಲೆಕ್ಕ, ಆದರೆ ನಮ್ಮ ಔಷಧ ನಿಯಮಗಳ ಶೆಡ್ಯೂಲ್ ಎಫ್ ಹೇಳುವುದೂ ಸುಮಾರಾಗಿ ಇದನ್ನೇ. ಮೂರು ಗಂಟೆಯಲ್ಲಿ 50ರಿಂದ 70 ದಾನಿಗಳಿಂದ ರಕ್ತ ಪಡೆಯಲು 6ರಿಂದ 8 ಟೇಬಲ್, ಅಂದರೆ ಮಂಚ, ಬೇಕು ಅನ್ನುತ್ತದೆ ಅದು. ಒಬ್ಬ ವೈದ್ಯರು, ಇಬ್ಬರು ನರ್ಸ್, ಮೂವರು ಟೆಕ್ನಿಷಿಯನ್, ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಸಹಾಯಕರು. ಇವರೂ ಸಾಮಾನೂ ಹಿಡಿಯುವಷ್ಟು ದೊಡ್ಡ ಗಾಡಿ, ಎಂಟು ಹತ್ತು ಜನ ಕೂರುವಂಥದ್ದು. ಅಷ್ಟೇ. ಹಾಸಿಗೆ ಇರುವ ಬಸ್ಸೇ ಆಗಬೇಕು ಅಂತ ಎಲ್ಲೂ ಇಲ್ಲ.

ಶೆಡ್ಯೂಲ್ ಎಫ್ ಕೊಡುವ ಸಾಮಾನಿನ ಪಟ್ಟಿಯನ್ನು ಒಮ್ಮೆ ಓದಬೇಕು ನೀವು. ಬಿಪಿ ಮೆಷಿನ್, ದಾನಿಯನ್ನು ತೂಗುವ ತಕ್ಕಡಿ, ಬ್ಯಾಗನ್ನು ತೂಗುವ ಇನ್ನೊಂದು ತಕ್ಕಡಿ, ಕತ್ತರಿ, ಇಕ್ಕಳ, ಹೊದಿಕೆ, ಟೆಸ್ಟ್ ಟ್ಯೂಬ್ ಸ್ಟ್ಯಾಂಡ್, ಹಲ್ಲುಕಡ್ಡಿ ಕೂಡ. ರಕ್ತದ ಗುಂಪಿನ ಪರೀಕ್ಷೆಗೆ ಗಾಜಿನ ಮೇಲೆ ರಕ್ತ ಕದಡಲು ಅದು. ಮದುವೆ ಮನೆಯ ಸಾಮಾನು ಚೀಟಿ ಇದ್ದ ಹಾಗಿದೆ. ಇದರಲ್ಲಿ ಯಾವುದೂ ಭಾರಿ ದುಬಾರಿಯದ್ದಲ್ಲ, ಆದರೆ ಯಾವುದೋ ಒಂದು ಮರೆತರೆ ಇಡೀ ಶಿಬಿರ ಕುಂಟುತ್ತದೆ.

ಬ್ಯಾಗ್ ತೂಗುವ ತಕ್ಕಡಿಯನ್ನೇ ನೋಡಿ. ನಮ್ಮಲ್ಲಿ 45 ಕೆ.ಜಿ. ದಾಟಿದವರಿಂದ 350 ಎಂಎಲ್ ತೆಗೆಯಬಹುದು, 450 ಎಂಎಲ್ ತೆಗೆಯಬೇಕಾದರೆ 55 ಕೆ.ಜಿ. ಮೀರಿರಬೇಕು. ಬ್ಯಾಗಿನೊಳಗೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ದ್ರವ ಮೊದಲೇ ಇರುತ್ತದೆ, 350ರ ಬ್ಯಾಗಿಗೆ 49 ಎಂಎಲ್, 450ರದ್ದಕ್ಕೆ 63. ಉಪ್ಪು ಹುಳಿ ಇದ್ದ ಹಾಗೆ, ಈ ಅಳತೆ ರಕ್ತಕ್ಕೆ ತಕ್ಕನಾಗಿರಬೇಕು. ರಕ್ತ ಕಡಿಮೆ ಬಿದ್ದರೆ ದ್ರವ ಜಾಸ್ತಿಯಾಗುತ್ತದೆ, ರಕ್ತ ಜಾಸ್ತಿ ಬಿದ್ದರೆ ಹೆಪ್ಪುಗಟ್ಟುತ್ತದೆ, ಎರಡೂ ಕಡೆ ಬ್ಯಾಗ್ ಕಸದ ಬುಟ್ಟಿಗೆ. ಇದಕ್ಕಾಗಿಯೇ ತೊಟ್ಟಿಲ ಹಾಗೆ ತೂಗುತ್ತಾ, ಅಳತೆ ಮುಟ್ಟಿದ ತಕ್ಷಣ ನಳಿಕೆ ಒತ್ತಿ ನಿಲ್ಲಿಸುವ ಮೆಷಿನ್ ಇದೆ. ಅದು ಎಲ್ಲ ಮಂಚಕ್ಕೂ ಸಾಲುವಷ್ಟು ಬರುವುದು ಅಪರೂಪ. ಉಳಿದ ಮಂಚಗಳ ಹತ್ತಿರ ಯಾರೋ ಒಬ್ಬ ಟ್ರೈನಿ ಹುಡುಗಿ ಕುಕ್ಕರಗಾಲಲ್ಲಿ ಕೂತು, ಬ್ಯಾಗನ್ನು ಕೈಯಲ್ಲೇ ಹೊರಳಿಸುತ್ತಾ, ಕಣ್ಣಂದಾಜಲ್ಲಿ ನೋಡುತ್ತಿರುತ್ತಾಳೆ. ಪಾಪ, ಅವಳು ಎಷ್ಟು ಬ್ಯಾಗ್ ಹೊರಳಿಸಿಯಾಳು?

ನಳಿಕೆ ಸೀಲ್ ಮಾಡುವುದೂ ಹಾಗೇ. ಪ್ಲಾಸ್ಟಿಕ್ ನಳಿಕೆಯನ್ನು ಬಿಸಿಯಿಂದ ಬೆಸೆಯುವ ಸೀಲರ್‌ಗೆ ಕರೆಂಟ್ ಬೇಕು. ಆಷಾಢದ ಗಾಳಿಗೆ ನಮ್ಮ ಕಡೆ ಕರೆಂಟ್ ಹೋದರೆ ಸಂಜೆಗೆ ಬಂದರೆ ಪುಣ್ಯ. ಬ್ಯಾಟರಿ ಸೀಲರ್ ಇಲ್ಲದಿದ್ದರೆ ನಳಿಕೆಗೆ ಗಂಟು ಹಾಕಬೇಕು. ಕೈಯ ಗಂಟು ಜಾರುತ್ತದೆ, ಸೋರುತ್ತದೆ. ಸೋರಿದ ಬ್ಯಾಗನ್ನು ಯಾರ ಮೈಗೂ ಏರಿಸುವ ಹಾಗಿಲ್ಲ.

ಈಗ ಬಾಕ್ಸಿನ ವಿಷಯಕ್ಕೆ ಬರೋಣ.

ರಕ್ತ ಅಂದರೆ ಒಂದೇ ಪದಾರ್ಥ ಅಂತ ಬಹಳ ಜನ ತಿಳಿದಿದ್ದಾರೆ. ಒಂದು ಬ್ಯಾಗಿನಿಂದ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಮೂರು ಬೇರೆ ಮಾಡಬಹುದು, ಮೂವರಿಗೆ ಕೊಡಬಹುದು. ಆದರೆ ಮೂರಕ್ಕೂ ಸ್ವಭಾವ ಬೇರೆ. ಕೆಂಪು ಕಣಕ್ಕೆ ತಂಪು ಬೇಕು, ಫ್ರಿಜ್ಜಿನಲ್ಲಿ 35 ದಿನ ಇರುತ್ತದೆ, ವಿಶೇಷ ದ್ರಾವಣ ಸೇರಿಸಿದರೆ 42 ದಿನ. ಪ್ಲೇಟ್‌ಲೆಟ್‌ಗೆ ತಂಪು ಆಗಿಬರುವುದಿಲ್ಲ. 20ರಿಂದ 24 ಡಿಗ್ರಿಯಲ್ಲೇ ಇರಬೇಕು, ಬಾಳಿಕೆ ಬರೀ ಐದು ದಿನ. ರಕ್ತ ತೆಗೆದ 6ರಿಂದ 8 ಗಂಟೆಯೊಳಗೆ ಅದನ್ನು ಬೇರೆ ಮಾಡಿಬಿಡಬೇಕು. ಅಷ್ಟರೊಳಗೆ ಬ್ಯಾಗನ್ನು ಐಸ್ ಮೇಲೆ ಇಟ್ಟಿರೋ, ಪ್ಲೇಟ್‌ಲೆಟ್ ಆಸೆ ಬಿಡಬೇಕು. ಐಸ್ ನೇರವಾಗಿ ಬ್ಯಾಗಿಗೆ ತಾಗಿದರೆ ಕೆಂಪು ಕಣವೂ ಒಡೆದು ಹಾಳಾಗುತ್ತದೆ. 'ಎಷ್ಟು ತಣ್ಣಗಿಟ್ಟರೆ ಅಷ್ಟು ಒಳ್ಳೇದು' ಅನ್ನುವುದು ಮೀನಿನ ಬಾಕ್ಸಿಗೆ ಸರಿ, ರಕ್ತದ ಬಾಕ್ಸಿಗೆ ಅಲ್ಲ.

ಪುಸ್ತಕದಲ್ಲಿ 20ರಿಂದ 24 ಡಿಗ್ರಿಗೆ ರೂಮ್ ಟೆಂಪರೇಚರ್ ಅಂತ ಬರೆದಿರುತ್ತಾರೆ. ಯಾವ ಊರಿನ ರೂಮು ಸ್ವಾಮಿ ಅದು? ಮೇ ತಿಂಗಳಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಮಧ್ಯಾಹ್ನ ಎರಡು ಗಂಟೆಗೆ ರೂಮಿನ ಬಾಗಿಲು ತೆಗೆದು ನೋಡಿ, 40 ಡಿಗ್ರಿ ಮುಖಕ್ಕೆ ಹೊಡೆಯುತ್ತದೆ. ಬಡ ದೇಶಗಳ ಬಹುಪಾಲು ಊರುಗಳ ಕತೆ ಇದೇ. ತಂಪು ದೇಶದಲ್ಲಿ ಮೇಜಿನ ಮೇಲೆ ಸುಮ್ನೆ ಇಟ್ಟರೆ ಆಗುವ ಕೆಲಸಕ್ಕೆ ನಮ್ಮಲ್ಲಿ ಸಾಮಾನು ಬೇಕು. ಆ ಸಾಮಾನು ಇದೆ ಕೂಡ. ಬ್ಯೂಟೇನ್ ಡಯಾಲ್ ಅನ್ನುವ ರಾಸಾಯನಿಕ ತುಂಬಿದ ಚಪ್ಪಟೆ ಪ್ಲೇಟುಗಳು. ಅದು ಕರಗುವುದೇ 20 ಡಿಗ್ರಿ ಆಸುಪಾಸಿನಲ್ಲಿ. ಹಿಂದಿನ ದಿನ ಗಟ್ಟಿ ಮಾಡಿಟ್ಟುಕೊಂಡು ಬಂದು ಬ್ಯಾಗುಗಳ ನಡುವೆ ಇಟ್ಟರೆ, ಬಿಸಿ ರಕ್ತವನ್ನು 20ರಿಂದ 24ರ ನಡುವೆ ಗಂಟೆಗಟ್ಟಲೆ ಹಿಡಿದಿಡುತ್ತದೆ. ಕರೆಂಟೂ ಬೇಡ, ಎಸಿ ಬಸ್ಸೂ ಬೇಡ. ಇಡೀ ಶಿಬಿರದ ಸಾಮಾನಿನಲ್ಲಿ ನನಗೆ ಅತ್ಯಂತ ಜಾಣ ವಸ್ತು ಅನ್ನಿಸಿದ್ದು ಇದು. ನಮ್ಮ ಕಾಲೇಜಿಗೆ ಬಂದ ತಂಡಗಳಲ್ಲಿ ಇದನ್ನು ತಂದಿದ್ದವರು ಒಂದೇ ಒಂದು ತಂಡ.

ಉಳಿದವರದ್ದು ಏನಾಗುತ್ತದೆ ಹೇಳುತ್ತೇನೆ. ಒಂದು ವರ್ಷ ಡೆಂಗಿ ಜೋರಿದ್ದಾಗ ಶಿಬಿರ ಮಾಡಿದ್ದೆವು. ಮೊದಲ ಬ್ಯಾಗ್ ತುಂಬಿದ್ದು ಬೆಳಗ್ಗೆ ಒಂಬತ್ತೂವರೆಗೆ. ಅಷ್ಟರಲ್ಲಿ ಅತಿಥಿಗಳು ಬಂದರು, ಭಾಷಣ ಒಂದೂಕಾಲು ಗಂಟೆ, ಸನ್ಮಾನ, ಹಾರ, ಮತ್ತೆ ಫೋಟೋ. ಮಲಗಿದ್ದ ದಾನಿಗಳೂ ಎದ್ದು ಚಪ್ಪಾಳೆ ತಟ್ಟಬೇಕಾಯಿತು. ಶಿಬಿರ ಮುಗಿದದ್ದು ಎರಡೂವರೆಗೆ, ತಂಡದವರಿಗೆ ಊಟ ಹಾಕಿಸಿ ಕಳಿಸುವಷ್ಟರಲ್ಲಿ ಮೂರೂಕಾಲು, ಅಲ್ಲಿಂದ ತಿರುವಿನ ರಸ್ತೆಯಲ್ಲಿ ಎರಡೂವರೆ ಗಂಟೆ ಪ್ರಯಾಣ. ರಕ್ತನಿಧಿ ತಲುಪುವಾಗ ಮೊದಲ ಬ್ಯಾಗಿಗೆ ಎಂಟು ಗಂಟೆ ದಾಟಿತ್ತು. ಮಾರನೇ ದಿನ ಟೆಕ್ನಿಷಿಯನ್ ಫೋನಿನಲ್ಲಿ ಹೇಳಿದರು, ಬೆಳಗಿನ ಬ್ಯಾಗುಗಳಿಂದ ಪ್ಲೇಟ್‌ಲೆಟ್ ತೆಗೆಯಲು ಆಗಲಿಲ್ಲ ಅಂತ. ಪ್ಲೇಟ್‌ಲೆಟ್‌ಗಾಗಿಯೇ ಮಾಡಿದ ಶಿಬಿರ ಅದು. ತಪ್ಪು ನನ್ನದೂ ಹೌದು, ಕಾರ್ಯಕ್ರಮ ಪಟ್ಟಿ ಬರೆದವನು ನಾನೇ.

ಆಮೇಲಿನಿಂದ ನಾನು ಲೆಕ್ಕವನ್ನು ಹಿಂದಿನಿಂದ ಹಾಕುತ್ತೇನೆ. ರಕ್ತನಿಧಿಯಲ್ಲಿ ರಕ್ತ ಬೇರೆ ಮಾಡುವ ಮೆಷಿನ್ ತಿರುಗುವ ಹೊತ್ತು ಎಷ್ಟು, ರಸ್ತೆ ಎಷ್ಟು, ಎಂಟು ಗಂಟೆಯಲ್ಲಿ ಅದನ್ನು ಕಳೆದರೆ ಉಳಿಯುವುದು ಎಷ್ಟು. ದೂರ ಜಾಸ್ತಿಯಿದ್ದರೆ ಬಾಕ್ಸನ್ನು ಎರಡು ಕಂತಿನಲ್ಲಿ ಕಳಿಸಬೇಕು, ಹನ್ನೆರಡೂವರೆಗೆ ಒಂದು, ಕೊನೆಗೆ ಒಂದು. ಅದಕ್ಕೆ ಇನ್ನೊಂದು ಜೀಪು ಬೇಕು, ಜೊತೆಗೆ ಹೋಗಲು ಇನ್ನೊಬ್ಬ ಮನುಷ್ಯ ಬೇಕು. ಇದೇ ನೋಡಿ ನಿಜವಾದ ಸಂಚಾರಿ ವ್ಯವಸ್ಥೆ. ಹಾಸಿಗೆ ಸಂಚಾರ ಮಾಡಬೇಕಾಗಿಲ್ಲ, ಬ್ಯಾಗ್ ಸಂಚಾರ ಮಾಡಬೇಕು.

ಈ ವಿದ್ಯೆ ನಮಗೆ ಗೊತ್ತಿಲ್ಲದ್ದೇನಲ್ಲ. ದಿನಾ ಎರಡು ಹೊತ್ತು ಹಳ್ಳಿ ಡೇರಿಗೆ ಹಾಲು ಬರುತ್ತದೆ, ಬಲ್ಕ್ ಕೂಲರ್‌ನಲ್ಲಿ ತಣಿಯುತ್ತದೆ, ಟ್ಯಾಂಕರ್ ಹೊತ್ತಿಗೆ ಸರಿಯಾಗಿ ಬಂದು ಒಯ್ಯುತ್ತದೆ. ಕೆಎಂಎಫ್‌ನವರು ಬಸ್ಸಿನೊಳಗೆ ಹಸು ಕಟ್ಟಿಕೊಂಡು ಊರೂರು ತಿರುಗಿ ಹಾಲು ಕರೆಯಲಿಲ್ಲ. ಹಾಲು ಸಿಗುವ ಜಾಗದಲ್ಲಿ ತಂಪು ಇಟ್ಟರು, ಗಾಡಿಗೆ ಟೈಮ್ ಟೇಬಲ್ ಮಾಡಿದರು.

ಹಾಲಿನ ದಾರಿ ಒಮ್ಮುಖ. ರಕ್ತ ಹಾಗಲ್ಲ, ಅದು ವಾಪಸ್ ಕೂಡ ಬರಬೇಕು. ನಮ್ಮ ತಾಲೂಕಿನಿಂದ ಒಂದೇ ದಿನ 80 ಬ್ಯಾಗ್ ಹೋದದ್ದಿದೆ. ವಾರ ಕಳೆಯುವುದರೊಳಗೆ ಹೆರಿಗೆಯಲ್ಲಿ ರಕ್ತ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳನ್ನು, ಇಲ್ಲಿ ರಕ್ತ ಇಲ್ಲ ಅಂತ ಆಂಬುಲೆನ್ಸಿನಲ್ಲಿ ಅದೇ ರಸ್ತೆಯಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದರು. ಬದುಕಿದರು, ದೇವರು ದೊಡ್ಡವನು. ಆದರೆ ರಕ್ತ ಕೊಟ್ಟ ಹುಡುಗರು ನನ್ನನ್ನು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. 'ನಾವು ಕೊಟ್ಟದ್ದು ಎಲ್ಲಿಗೆ ಹೋಯ್ತು ಸಾರ್?'

ಕಾನೂನು ಅಡ್ಡ ಬರುತ್ತಿಲ್ಲ ಇಲ್ಲಿ. ವರ್ಷಕ್ಕೆ 2000 ಯೂನಿಟ್ಟಿಗಿಂತ ಕಡಿಮೆ ಬಳಸುವ ಆಸ್ಪತ್ರೆಗಳು ಪೂರ್ತಿ ರಕ್ತನಿಧಿ ಲೈಸೆನ್ಸ್ ಇಲ್ಲದೆಯೇ, ಒಪ್ಪಿಗೆ ಪಡೆದು, ರಕ್ತ ಶೇಖರಣಾ ಘಟಕ ಇಟ್ಟುಕೊಳ್ಳಬಹುದು. ಒಂದು ಬ್ಲಡ್ ಬ್ಯಾಂಕ್ ಫ್ರಿಜ್, ರೋಗಿಗೆ ಆ ರಕ್ತ ಹೊಂದುತ್ತದಾ ಅಂತ ನೋಡುವ ಪರೀಕ್ಷೆಯ ಸಾಮಾನು, ತರಬೇತಿ ಆದ ಒಬ್ಬ ಟೆಕ್ನಿಷಿಯನ್ ಇದ್ದರೆ ತಾಲೂಕು ಆಸ್ಪತ್ರೆಯಲ್ಲೇ ನಡೆಯುತ್ತದೆ. ಶಿಬಿರಕ್ಕೆ ಬರುವ ಗಾಡಿ ಖಾಲಿ ಬಾಕ್ಸ್ ತರುವ ಬದಲು, ಪರೀಕ್ಷೆ ಮುಗಿದ ಹತ್ತು ಬ್ಯಾಗ್ ಹೊತ್ತು ತಂದು ಇಳಿಸಿ ಹೋಗಬಹುದಲ್ವಾ?

ರುವಾಂಡಾದಲ್ಲಿ 2016ರಿಂದ ಡ್ರೋನ್‌ನಲ್ಲಿ ರಕ್ತ ಕಳಿಸುತ್ತಿದ್ದಾರೆ. ಗುಡ್ಡಗಾಡು ದೇಶ, ನಮ್ಮ ಘಟ್ಟದ ಹಾಗೆ ಸುತ್ತು ರಸ್ತೆಗಳು. ಆಸ್ಪತ್ರೆಯಿಂದ ಆರ್ಡರ್ ಹೋದರೆ ಪ್ಯಾರಾಶೂಟಿನಲ್ಲಿ ಪೊಟ್ಟಣ ಬಂದು ಅಂಗಳಕ್ಕೆ ಬೀಳುತ್ತದೆ. ನಮ್ಮಲ್ಲೂ 2023ರ ಮೇನಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ದೆಹಲಿ ಮತ್ತು ನೋಯ್ಡಾ ಕಡೆ ಹತ್ತು ಯೂನಿಟ್ ರಕ್ತ ಹಾರಿಸಿ ಪ್ರಯೋಗ ಮಾಡಿತು. ಅದನ್ನು ನೋಡಿದ ಮೇಲೆ ಎಲ್ಲರಿಗೂ ಡ್ರೋನ್ ಬೇಕು ಅನ್ನಿಸಿದೆ. ರುವಾಂಡಾದವರು ಬಿಡಿಸಿಕೊಂಡದ್ದು ಈ ವಾಪಸ್ ದಾರಿಯ ಗಂಟನ್ನು, ಅದನ್ನು ಗಮನಿಸಬೇಕು. ನಮಗೆ ಅದನ್ನು ಬಿಡಿಸಲು ಹೊತ್ತಿಗೆ ಸರಿಯಾಗಿ ಓಡುವ ಜೀಪು ಸಾಕು ಅಂತ ನನ್ನ ಅನಿಸಿಕೆ.

ಯಾರಿಗೆ ಈ ರಕ್ತ ಅನ್ನುವುದೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 11.85 ಕೋಟಿ ಬಾರಿ ರಕ್ತದಾನ ಆಗುತ್ತದೆ, ಅದರಲ್ಲಿ ನೂರಕ್ಕೆ 40 ಶ್ರೀಮಂತ ದೇಶಗಳಲ್ಲಿ. ಅಲ್ಲಿರುವ ಜನ ಮಾತ್ರ ನೂರಕ್ಕೆ 16. ಅಲ್ಲಿ ಸಾವಿರ ಜನರಿಗೆ 31.5 ದಾನ, ತೀರಾ ಬಡ ದೇಶಗಳಲ್ಲಿ 5. ಶ್ರೀಮಂತ ದೇಶದಲ್ಲಿ ರಕ್ತ ಹೆಚ್ಚಾಗಿ ಏರುವುದು 60 ದಾಟಿದವರಿಗೆ. ಬಡ ದೇಶದಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳಿಗೆ. ಮಲೇರಿಯಾದಿಂದ ಬಿಳಚಿದ ಮಗು ಜಿಲ್ಲಾ ಕೇಂದ್ರದ ತನಕ ಕಾಯುವುದಿಲ್ಲ.

ಇನ್ನು ಪರದೆ. ಹೌದು, ಬಟ್ಟೆಯ ಪರದೆ. ರಕ್ತ ಕೊಡುವ ಮುಂಚೆ ದಾನಿಗೆ ಪ್ರಶ್ನೆಗಳಿರುತ್ತವೆ. ಕಾಮಾಲೆ ಆಗಿತ್ತಾ, ಹಚ್ಚೆ ಹಾಕಿಸಿಕೊಂಡು ವರ್ಷ ಆಯ್ತಾ, ಯಾವ ಮಾತ್ರೆ ತಗೋತಿದೀರಾ, ಇನ್ನೂ ಖಾಸಗಿ ಪ್ರಶ್ನೆಗಳು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಈ ಐದಕ್ಕೂ ಆಮೇಲೆ ಪರೀಕ್ಷೆ ಕಡ್ಡಾಯ, ನಿಜ. ಆದರೆ ಸೋಂಕು ತೀರಾ ಹೊಸದಾಗಿದ್ದರೆ ಪರೀಕ್ಷೆಗೂ ಸಿಗದೇ ಹೋಗಬಹುದು, ಆಗ ಕಾಪಾಡುವುದು ದಾನಿಯ ನಿಜವಾದ ಉತ್ತರ ಒಂದೇ. ನಮ್ಮ ಹಾಲ್‌ಗಳಲ್ಲಿ ಈ ಪ್ರಶ್ನೆ ಕೇಳುವ ಮೇಜಿನ ಸುತ್ತ ಹತ್ತು ಜನ ಗೆಳೆಯರು ನಿಂತಿರುತ್ತಾರೆ. ಹಿಂದೆ ಕ್ಲಾಸ್ ಟೀಚರ್. ಯಾವ ಹುಡುಗ ನಿಜ ಹೇಳುತ್ತಾನೆ? ಎಲ್ಲದಕ್ಕೂ 'ಇಲ್ಲ ಇಲ್ಲ' ಅಂತ ಟಿಕ್ ಹಾಕಿ ಮಂಚ ಏರುತ್ತಾನೆ.

ಹುಡುಗಿಯರದ್ದು ಇನ್ನೊಂದು ಕತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ, ಗಂಡಸರಲ್ಲಿ 25. ಹಾಗಾಗಿ ಆ ನೀಲಿ ಬಾಟಲಿಯ ಹತ್ತಿರ ಸಾಲಾಗಿ ಫೇಲ್ ಆಗುವವರು ಇವರೇ. 'ನಿಂಗೆ ರಕ್ತ ಇಲ್ಲಮ್ಮ, ಹೋಗು' ಅಂತ ಎಲ್ಲರೆದುರು ಹೇಳಿ ಕಳಿಸಿಬಿಡುತ್ತಾರೆ. ಆ ಹುಡುಗಿ ಮುಂದಿನ ಸಲ ಬರುತ್ತಾಳಾ? ಪರದೆಯ ಹಿಂದೆ ಕೂರಿಸಿ, ಇಷ್ಟು ಬಂದಿದೆ, ಕಬ್ಬಿಣದ ಮಾತ್ರೆ ತಗೋ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮತ್ತೆ ತೋರಿಸು ಅಂತ ಚೀಟಿ ಕೊಟ್ಟರೆ, ರಕ್ತ ಸಿಗದಿದ್ದರೂ ಶಿಬಿರದಿಂದ ಒಂದು ಉಪಕಾರ ಆದಂತೆ. ಕಬ್ಬಿಣದ ಮಾತ್ರೆ ಆ ಸಾಮಾನು ಚೀಟಿಯಲ್ಲಿಲ್ಲ. ನಾನಾದರೆ ಸೇರಿಸುತ್ತೇನೆ.

ತಲೆ ಸುತ್ತಿ ಬೀಳುವವರಿಗೆ ಔಷಧದ ಕಿಟ್ ಇದ್ದೇ ಇರುತ್ತದೆ. ಅದಕ್ಕಿಂತ ಅಗ್ಗದ ಮದ್ದು, ಸೂಜಿ ಹಾಕುವ ಮುಂಚೆ ಅರ್ಧ ಲೀಟರ್ ನೀರು ಕುಡಿಸುವುದು. ನಾವು ಜ್ಯೂಸು ಬಿಸ್ಕತ್ತೆಲ್ಲ ರಕ್ತ ಕೊಟ್ಟಾದ ಮೇಲೆ ಕೊಡುತ್ತೇವೆ.

ದುಡ್ಡಿಗೆ ಸಿಗದ ಒಂದು ಸಲಕರಣೆ ಕ್ಯಾಲೆಂಡರ್. ಜೂನ್ 14 ವಿಶ್ವ ರಕ್ತದಾನಿಗಳ ದಿನ, ಆಗಸ್ಟ್ 15, ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ನವೆಂಬರ್ ರಾಜ್ಯೋತ್ಸವ, ಮಧ್ಯೆ ನಾಯಕರ ಹುಟ್ಟುಹಬ್ಬ. ಅವತ್ತು ಎಲ್ಲ ಕಡೆ ಶಿಬಿರ, ಒಂದೊಂದು ಕಡೆ ಐನೂರು ಸಾವಿರ ಬ್ಯಾಗಿನ ಗುರಿ. 35 ದಿನ ಕಳೆದ ಮೇಲೆ ಉಳಿದದ್ದನ್ನು ಏನು ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವ ಹಾಗಿಲ್ಲ, ಅಂದರೆ ಒಂದೇ ದಿನ ಇಡೀ ತಾಲೂಕಿನ ದಾನಿಗಳಿಗೆ ಬೀಗ ಹಾಕಿದ ಹಾಗಾಯಿತು. ಏಪ್ರಿಲ್ ಮೇ ಬಂದರೆ ಪರೀಕ್ಷೆ, ರಜೆ, ಕಾಲೇಜು ಖಾಲಿ, ರಕ್ತನಿಧಿಯೂ ಖಾಲಿ. ವಾಟ್ಸಾಪಿನಲ್ಲಿ 'ಅರ್ಜೆಂಟ್ ಓ ನೆಗೆಟಿವ್' ಮೆಸೇಜು ಓಡಾಡುವ ಕಾಲ ಅದು.

ಆಫ್ರಿಕಾದಲ್ಲೂ ಇದೇ ಪಾಡು, ಅಲ್ಲಿ ಹೈಸ್ಕೂಲು ಕಾಲೇಜಿನ ಮಕ್ಕಳೇ ದೊಡ್ಡ ದಾನಿಗಳು, ಶಾಲೆಗೆ ರಜೆ ಬಂದರೆ ರಕ್ತಕ್ಕೆ ಬರ. ಜಿಂಬಾಬ್ವೆಯವರು 1989ರಲ್ಲಿ ಒಂದು ಉಪಾಯ ಮಾಡಿದರು. ಇಪ್ಪತ್ತೈದರ ಕ್ಲಬ್ ಅಂತ ಕಟ್ಟಿ, 25 ಸಲ ಕೊಡುತ್ತೇನೆ ಅಂತ ಶಾಲೆ ಬಿಡುವ ಹುಡುಗರ ಹತ್ತಿರ ಮಾತು ತೆಗೆದುಕೊಂಡರು. ಒಂದು ದಿನದ ಜಾತ್ರೆಗಿಂತ ಇದು ಎಷ್ಟೋ ವಾಸಿ. ತಂಡ ಅದೇ ಊರಿಗೆ ವರ್ಷಕ್ಕೆ ಮೂರು ಸಲ, ಸಲಕ್ಕೆ 40 ಬ್ಯಾಗಿಗೆ ಬಂದರೆ ಸಾಕು. ಆಗ ಎಂಟು ಮಂಚವೂ ಬೇಡ, ನಾಲ್ಕು ಸಾಕು. ಸಾಮಾನು ಅರ್ಧಕ್ಕೆ ಇಳಿಯುತ್ತದೆ.

1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಕ್ತ ಮಾರುವ ದಂಧೆ ನಿಲ್ಲಬೇಕು ಅಂತ ಆದೇಶ ಕೊಟ್ಟಿತು, 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದಕ್ಕೆ ನಿಷೇಧ ಬಂತು. ಆವತ್ತಿನಿಂದ ದೇಶದ ರಕ್ತದ ಭಾರ ಇಂಥ ಶಿಬಿರಗಳ ಮೇಲೆ ಬಿದ್ದಿದೆ, ಇಲ್ಲವೇ ರೋಗಿಯ ಅಣ್ಣ ತಮ್ಮಂದಿರನ್ನು 'ಬದಲಿ ರಕ್ತ ತನ್ನಿ' ಅಂತ ಓಡಿಸುವುದರ ಮೇಲೆ.

ಈ ಸಲದ ಶಿಬಿರಕ್ಕೆ ಒಂದು ಸಂಸ್ಥೆಯವರು ಬಸ್ಸು ಕಳಿಸುತ್ತೇವೆ ಅಂದರು. ಕಾಲೇಜಿನ ಗೇಟಿನಲ್ಲಿ ಅದು ತಿರುಗುವುದಿಲ್ಲ, ಬೇಡ ಅಂದೆ. ಬದಲಿಗೆ ಏನು ಬೇಕು ಅಂತ ಕೇಳಿದರು, ಚೀಟಿ ಬರೆದು ಕೊಟ್ಟಿದ್ದೇನೆ. ಬ್ಯಾಟರಿ ಸೀಲರ್ ಒಂದು. ಬ್ಯೂಟೇನ್ ಡಯಾಲ್ ಪ್ಲೇಟಿರುವ ಬಾಕ್ಸ್ ಎರಡು, ಥರ್ಮಾಮೀಟರ್ ಸಮೇತ. ಮಧ್ಯಾಹ್ನ ಹನ್ನೆರಡೂವರೆಗೆ ಹೊರಡುವ ಜೀಪಿನ ಬಾಡಿಗೆ. ಮೈಲುತುತ್ತದ ದ್ರಾವಣ ನಾಲ್ಕು ಬಾಟಲಿ. ಪರದೆ ಬಟ್ಟೆ ಹತ್ತು ಮೀಟರ್. ಅವರು ಚೀಟಿ ಓದಿ, 'ಇದರ ಮೇಲೆ ನಮ್ಮ ಹೆಸರು ಎಲ್ಲಿ ಹಾಕೋದು ಸಾರ್?' ಅಂತ ಕೇಳಿದ್ದಾರೆ. ಪರದೆ ಮೇಲೆ ಹಾಕಿ ಅಂದಿದ್ದೇನೆ. ಹತ್ತು ಮೀಟರ್ ಜಾಗ ಇದೆ.